ತಮಿಳು ಪೇಪರಿನ ಸುಡೊಕು

ಮಲಗುವ ಮುಂಚೆ ಒಂದು ಸುಡೊಕು ಬಿಡಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಹೊಸೂರಿಗೆ ಕೆಲಸಕ್ಕೆ ಬಂದ ಮೇಲೆ ಅದಕ್ಕಾಗಿಯೇ ದಿನಾ ತಮಿಳು ಪೇಪರ್ ಕೊಳ್ಳುತ್ತೇನೆ. ತಮಿಳಿನ ಒಂದಕ್ಷರವೂ ಬಾರದು. ಆದರೆ ಅಂಕಿಗೆ ಯಾವ ಭಾಷೆ? ಪೆನ್ನಲ್ಲೇ ತುಂಬುತ್ತೇನೆ, ಅಳಿಸುವ ಪ್ರಮೇಯ ಬಂದಿಲ್ಲ.

ಒಂದು ಸಂಜೆ ಆಲಸನತ್ತಂ ಬಡಾವಣೆಯ ನಮ್ಮ ಮನೆ ಓನರ್ ತಾತ, ನನ್ನ ಕಂಕುಳಲ್ಲಿದ್ದ ಪೇಪರ್ ನೋಡಿ ಗೇಟಿನಲ್ಲೇ ತಡೆದರು.

"ಕನ್ನಡಕ ರಿಪೇರಿಗೆ ಕೊಟ್ಟಿವ್ನಿ ಕಣಪ್ಪ. ನಾಳೆ ಕರೆಂಟ್ ತೆಗೀತಾರಂತೆ, ಪೇಪರ್‌ನಾಗೆ ಹಾಕವ್ರೆ. ಎಷ್ಟೊತ್ತು ಅಂತ ನೋಡೇಳು."

"ನಂಗೆ ತಮಿಳು ಓದೋಕೆ ಬರಲ್ಲ ತಾತ. ಇದರಲ್ಲಿ ನಂಬರ್ ಆಟ ಮಾತ್ರ ಆಡ್ತೀನಿ."

"ಟೈಮೂ ನಂಬರೇ ಅಲ್ವೇನ್ಲಾ?"

ಮಾತು ನ್ಯಾಯವಾಗಿತ್ತು. ಹುಡುಕಿದೆ, ಒಂದು ಚೌಕದೊಳಗೆ ಸಿಕ್ಕಿತು. "ಒಂಬತ್ತರಿಂದ ಐದು," ಎಂದೆ ಗಟ್ಟಿಯಾಗಿ.

ಮರುದಿನ ತಾತ ಬೆಳಗ್ಗೆ ಬೇಗನೆ ಟ್ಯಾಂಕ್ ತುಂಬಿಸಿ, ದೋಸೆ ಹಿಟ್ಟು ರುಬ್ಬಿಸಿ ಕಾದರು. ಕರೆಂಟ್ ಹೋಗಲೇ ಇಲ್ಲ. ಸಂಜೆ ರಿಪೇರಿಯಾದ ಕನ್ನಡಕ ಏರಿಸಿ, ಅದೇ ಪೇಪರ್ ಇಸಿದುಕೊಂಡು ಓದಿದರು. ಕರೆಂಟ್ ತೆಗೆದದ್ದು ಬಾಗಲೂರಿನಲ್ಲಿ. ನಾನು ಓದಿ ಹೇಳಿದ್ದು ಉಚಿತ ಕಣ್ಣಿನ ತಪಾಸಣೆಯ ಹೊತ್ತು.

"ನೀನೇ ಹೋಗಿ ತೋರಿಸ್ಕೋಬೇಕಿತ್ತು," ಎಂದರು.

ನನ್ನ ಅಂಕಿ ತಪ್ಪಿರಲಿಲ್ಲ ಎನ್ನುವುದನ್ನು ಮಾತ್ರ ತಾತ ಈಗಲೂ ಒಪ್ಪುವುದಿಲ್ಲ.