ಗಿಣ್ಣು ಹಾಲಿನ ಪಾಠ

ನಾನು ದೆಹಲಿಗೆ ಹೋದದ್ದು ರೈತರಿಗೆ ಪಾಠ ಹೇಳುವುದು ಹೇಗೆಂದು ಕಲಿಯಲು. ನಮ್ಮ ವಿಭಾಗದ ಹೆಸರು ಕೃಷಿ ವಿಸ್ತರಣೆ. ಪ್ರಯೋಗಾಲಯದಲ್ಲಿ ಗೊತ್ತಾದದ್ದನ್ನು ಹೊಲಕ್ಕೆ, ತೋಟಕ್ಕೆ, ಕೊಟ್ಟಿಗೆಗೆ ಮುಟ್ಟಿಸುವುದು ನಮ್ಮ ಕೆಲಸ. ಕೇಳಲು ಬಹಳ ಸುಲಭ. ಆಗ ಕರೋಲ್ ಬಾಗಿನ ಹತ್ತಿರ ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ಆ ಧೂಳೆಲ್ಲ ನಮ್ಮ ಬಾಡಿಗೆ ಕೋಣೆಯ ಕಿಟಕಿಯಿಂದ ನುಗ್ಗಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ನನ್ನ ಜೊತೆ ಆ ಕೋಣೆಯಲ್ಲಿದ್ದವಳು ಹಾಸನದ ಹುಡುಗಿ, ಗುರ್‌ಗಾಂವ್‌ನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನನ್ನ ಓದನ್ನು ಅವಳು ಒಂದು ದಿನವೂ ಗಂಭೀರವಾಗಿ ತೆಗೆದುಕೊಂಡವಳಲ್ಲ.

“ಅಲ್ಲ ಕಣೇ, ಹುಟ್ಟಿದಾಗಿನಿಂದ ಎಮ್ಮೆ ಜೊತೆ ಬೆಳೆದವರಿಗೆ ನೀನು ಎಮ್ಮೆ ಸಾಕೋದು ಹೇಳ್ಕೊಡ್ತೀಯಾ? ಅಚ್ಛಾ! ಅದಕ್ಕೆ ಆ ಎಮ್ಮೆ ಏನಂತು?” ಎಂದು ರೇಗಿಸುತ್ತಿದ್ದಳು.

ಎಮ್ಮೆ ಏನೂ ಅನ್ನಲಿಲ್ಲ. ಏನಾದರೂ ಅನ್ನಬೇಕಾಗಿದ್ದ ಹೆಂಗಸರೂ ಮೊದಮೊದಲು ಏನೂ ಅನ್ನಲಿಲ್ಲ.

ನನಗೆ ಗೊತ್ತುಮಾಡಿದ್ದ ಹಳ್ಳಿ ಫರೀದಾಬಾದಿನಿಂದ ಆಚೆಗಿತ್ತು. ಕಾರ್ಖಾನೆಗಳ ಗೋಡೆಗಳು ಮುಗಿದು ಸಾಸಿವೆ ಹೊಲ ಶುರುವಾಗುವ ಕಡೆ ಬಸ್ಸಿಳಿದು, ಹಂಚಿಕೆಯ ಆಟೋ ಹಿಡಿದು ಹೋಗಬೇಕು. ಅಲ್ಲಿನ ಮನೆಮನೆಯಲ್ಲೂ ಎಮ್ಮೆ. ಹಾಲು ಕರೆಯುವುದು, ಮೇವು ಕೊಯ್ದು ತರುವುದು, ಸಗಣಿ ಬಾಚುವುದು ಎಲ್ಲ ಹೆಂಗಸರ ಪಾಲಿನ ಕೆಲಸ. ಹಾಗಾಗಿ ಹೆಂಗಸರಿಗೆಂದೇ ಹೈನುಗಾರಿಕೆ ತರಬೇತಿ ಇಟ್ಟೆವು. ಬ್ಯಾನರು ಬರೆಸಿ, ಅದನ್ನು ಒಯ್ದು ಚೌಪಾಲಿನಲ್ಲಿ ಕಟ್ಟಿದೆವು.

ಚೌಪಾಲ್ ಎಂದರೆ ಊರ ನಡುವಿನ ಎತ್ತರದ ಜಗಲಿ, ಗಂಡಸರು ಹುಕ್ಕಾ ಸೇದುತ್ತ ಊರಿನ ವ್ಯವಹಾರ ಮಾತಾಡುವ ಜಾಗ. ಆ ಕಡೆಯ ಸೊಸೆಯಂದಿರು ಅದರ ಮೆಟ್ಟಿಲು ಹತ್ತುವುದಿಲ್ಲ. ಅದರ ಮುಂದೆ ಹಾದುಹೋಗುವಾಗ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಹೆಜ್ಜೆ ಚುರುಕು ಮಾಡುತ್ತಾರೆ. ಇದು ನಮಗೆ ಒಬ್ಬರಿಗೂ ಹೊಳೆದಿರಲಿಲ್ಲ. ತರಬೇತಿಗೆ ಬಂದವರೆಲ್ಲ ಗಂಡಸರು. ಜೀವಮಾನದಲ್ಲಿ ಒಂದು ಲೋಟ ಹಾಲು ಕರೆಯದ ಮಹಾನುಭಾವರು ಕೆಚ್ಚಲು ಬಾವಿನ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ತಲೆದೂಗಿ, ಸಮೋಸಾ ತಿಂದು, ಚಹಾ ಕುಡಿದು ಎದ್ದುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲಲ್ಲ, ನಮ್ಮ ಬ್ಯಾನರಿನ ಮೇಲೆ.

ಮುಂದಿನ ಸಲ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಊರಾಚೆಯ ಬಯಲಿನಲ್ಲಿ ಕೂತೆ. ಅದು ಹೆಂಗಸರು ಬೆರಣಿ ತಟ್ಟುವ ಜಾಗ, ಗಂಡಸರು ಅತ್ತ ಸುಳಿಯುವುದಿಲ್ಲ. ನಾನೂ ಸಗಣಿಗೆ ಕೈ ಹಾಕಿದೆ. ನನ್ನ ಅಂಕುಡೊಂಕು ಬೆರಣಿಗಳನ್ನು ನೋಡಿ ಅವರಿಗೆ ನಗುವೋ ನಗು. ನಗು ಶುರುವಾದ ಮೇಲೆ ಮಾತೂ ಶುರುವಾಯಿತು. ನಿಮ್ಮ ಕಡೆ ಎಮ್ಮೆ ಈದಾಗ ಏನು ಮಾಡುತ್ತೀರಿ ಎಂದು ಕೇಳಿದರು. ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ ಎಂದೆ.

“ಮತ್ತೆ ಕರುವಿಗೆ, ದೀದಿ?” ಎಂದಳು ಅಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದ ಒಬ್ಬ ಸೊಸೆ. ತುಂಬ ಚಿಕ್ಕ ವಯಸ್ಸು, ಬಸುರಿ, ಆಗಿನ್ನೂ ಹೊಟ್ಟೆ ಕಾಣತೊಡಗಿತ್ತಷ್ಟೆ.

“ಮೊದಲು ಕರುವಿಗೆ, ಉಳಿದದ್ದು ನಮಗೆ,” ಎಂದೆ. ನಮ್ಮ ಮನೆಯಲ್ಲಿ ಯಾವಾಗಲೂ ಹಾಗೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ಗಿಣ್ಣು ಅಂದರೆ ನಾನು ಪ್ರಾಣ ಬಿಡುತ್ತಿದ್ದೆ.

ಆ ಊರಿನ ಪದ್ಧತಿ ನನಗೆ ತಿಳಿದದ್ದು ಆಗಲೇ. ಎಮ್ಮೆ ಈದ ಮೇಲೆ ಮಾಸು ಬೀಳುವವರೆಗೆ, ನಮ್ಮ ಕಡೆ ಕಸ ಬೀಳುವುದು ಅನ್ನುತ್ತಾರಲ್ಲ, ಅಲ್ಲಿಯವರೆಗೆ ಕರುವನ್ನು ಕೆಚ್ಚಲಿನ ಹತ್ತಿರ ಬಿಡುವುದಿಲ್ಲ. ಕರು ಕುಡಿದರೆ ಮಾಸು ಒಳಗೇ ಉಳಿಯುತ್ತದೆ, ಎಮ್ಮೆ ಸಾಯುತ್ತದೆ ಅನ್ನುವ ಭಯ. ಮಾಸು ಬೀಳುವುದು ಕೆಲವೊಮ್ಮೆ ಸಂಜೆಯಾಗುತ್ತದೆ. ಅಷ್ಟು ಹೊತ್ತಿಗೆ ಆ ಗಟ್ಟಿ ಹಳದಿ ಹಾಲಿನಿಂದ ರೋಗ ತಡೆಯುವ ಶಕ್ತಿಯನ್ನು ಹೀರಿಕೊಳ್ಳುವ ಗುಣವನ್ನು ಕರುವಿನ ಕರುಳು ಬಹಳಷ್ಟು ಕಳೆದುಕೊಂಡಿರುತ್ತದೆ. ಕೆಲವು ದಿನಕ್ಕೆ ಕರುವಿಗೆ ಭೇದಿ ಹತ್ತಿ ಹೋಗಿಬಿಡುತ್ತದೆ. ಆ ಸೊಸೆಯ ಮನೆಯಲ್ಲಿ ಹಿಂದಿನ ಎರಡು ಕರುಗಳು ಹೀಗೇ ಹೋಗಿದ್ದವು. ಈಗ ಎಮ್ಮೆ ಮತ್ತೆ ಗಬ್ಬವಾಗಿತ್ತು. ಮನೆಗಿದ್ದದ್ದು ಅದೊಂದೇ ಎಮ್ಮೆ.

ನಾನು ಅವಳ ಮನೆಗೆ ಹೋಗತೊಡಗಿದೆ. ಅವಳ ಅತ್ತೆ ಎತ್ತರದ, ಒರಟು ಮೈಕಟ್ಟಿನ ಹೆಂಗಸು. ನನ್ನನ್ನು ಬೇಟಿ ಅನ್ನುತ್ತಿದ್ದರು, ಮಜ್ಜಿಗೆ ಕೊಡುತ್ತಿದ್ದರು, ನಾನು ಹೇಳಿದ್ದನ್ನು ಮಾತ್ರ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಸೊಸೆ ಅತ್ತೆಯ ಎದುರಿಗೆ ನನ್ನ ಮಾತಿಗೆ ಹೂಂಗುಟ್ಟುವ ಧೈರ್ಯವನ್ನೂ ಮಾಡುತ್ತಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ನಾನು ಹೋದಾಗ ಎಮ್ಮೆ ಈದಿತ್ತು. ಮಂಜು ಇನ್ನೂ ಹರಿದಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಕಟ್ಟಿದ್ದ ಹೆಣ್ಣುಗರು ತಾಯಿಯ ಕಡೆ ಕತ್ತು ಚಾಚಿ ಕೂಗುತ್ತಿತ್ತು.

“ಯಾವಾಗ ಈದದ್ದು, ಅಮ್ಮಾ?”

“ಬೆಳಕು ಹರಿಯೋ ಹೊತ್ತಿಗೆ.”

“ಹಾಲು ಕುಡಿಸಿದಿರಾ?”

“ಮಾಸು ಬೀಳಲಿ ಬೇಟಿ. ಅವಸರ ಏನು?”

“ಹೋದ ಕರುಗಳಿಗೂ ಹೀಗೇ ಕಾದಿರಾ?”

“ಎಲ್ಲ ಕರುಗಳಿಗೂ ಹೀಗೇ. ನನ್ನ ಅತ್ತೆ ಕಾದಳು, ನಾನೂ ಕಾದೆ. ಇರೋದು ಇರುತ್ತೆ, ಹೋಗೋದು ಹೋಗುತ್ತೆ.”

ಹಳ್ಳಿಯವರೊಡನೆ ವಾದಕ್ಕೆ ಇಳಿಯಬಾರದು, ಅವರಾಗಿ ಒಪ್ಪುವವರೆಗೆ ತಾಳ್ಮೆಯಿಂದಿರಬೇಕು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಪಾಠ ಹೇಳಿದವರು ಆ ಕರುವಿನ ಕೂಗು ಕೇಳಿರಲಿಲ್ಲ. ನಾನು ದನಿ ಏರಿಸಿಯೇಬಿಟ್ಟೆ. “ಕರು ಮೊಲೆ ಚೀಪಿದರೆ ಮಾಸು ಬೇಗ ಬೀಳುತ್ತೆ ಅಮ್ಮಾ, ಒಳಗೆ ಉಳಿಯೋದಿಲ್ಲ. ಏನಾದರೂ ಆದರೆ ನನ್ನ ತಲೆಗೆ ಕಟ್ಟಿ. ಆ ಮದ್ರಾಸಿ ಹುಡುಗಿ ಬಂದು ನಮ್ಮ ಎಮ್ಮೆ ಹಾಳುಮಾಡಿದಳು ಅಂತ ಊರಿಗೆಲ್ಲ ಸಾರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಎಮ್ಮೆಗೆ ಬೆಲ್ಲದ ಗಂಜಿ ಕಾಯಿಸುವ ನೆಪದಲ್ಲಿ ಬೆನ್ನು ತಿರುಗಿಸಿ ಒಳಗೆ ಹೋದರು. ಅದೇ ಒಪ್ಪಿಗೆ ಎಂದು ನನಗೆ ಹೊಳೆಯುವ ಮೊದಲೇ ಸೊಸೆ ಕಣ್ಣಿ ಬಿಚ್ಚಿದ್ದಳು. ಕರುವಿಗೆ ಕಾಲು ನಿಲ್ಲುತ್ತಿರಲಿಲ್ಲ. ಅವಳು ಮುಂದಿನಿಂದ, ನಾನು ಹಿಂದಿನಿಂದ ಹಿಡಿದು ಒಯ್ದೆವು. ಅವಳು ತೊಟ್ಟು ಹಿಂಡಿ ಬೆರಳಿಗೆ ಹಾಲು ಹಚ್ಚಿ ಅದರ ಬಾಯಿಗಿಟ್ಟಳು. ಒಮ್ಮೆ ರುಚಿ ಹತ್ತಿದ್ದೇ ಕರು ನಮ್ಮಿಬ್ಬರನ್ನೂ ಮರೆತುಬಿಟ್ಟಿತು.

ಆಮೇಲೆ ಮಾಸು ಬೀಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಬಾಯಲ್ಲಿ ಅಷ್ಟು ಧೈರ್ಯ ಹೇಳಿದವಳಿಗೆ ಒಳಗೊಳಗೇ ಪುಕುಪುಕು. ಪುಸ್ತಕದಲ್ಲಿ ಬರೆದದ್ದೆಲ್ಲ ಎಮ್ಮೆಗೆ ಗೊತ್ತಿರಬೇಕಲ್ಲ! ಮಧ್ಯಾಹ್ನಕ್ಕೆ ಮುಂಚೆ ಮಾಸು ಪೂರ್ತಿ ಬಿತ್ತು. ಅತ್ತೆ ಅದನ್ನು ಹೂಳಲು ಒಯ್ಯುವಾಗ ನನ್ನ ಕಡೆ ನೋಡಲಿಲ್ಲ.

ಕರು ಉಳಿಯಿತು. ಭೇದಿ ಹತ್ತುವ ದಿನಗಳು ಕಳೆದವು, ಅದು ಅಂಗಳದ ತುಂಬ ಬಾಲವೆತ್ತಿ ಕುಣಿಯತೊಡಗಿತು. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಎಮ್ಮೆ ಈದಾಗ ಅವರೂ ಕಾಯಲಿಲ್ಲವಂತೆ. ನನಗಂತೂ ಕೋಡು ಮೂಡಿತ್ತು. ಕೋಣೆಯಲ್ಲಿ ದಿನಾ ಅದೇ ಕತೆ. ಕೇಳಿ ಕೇಳಿ ಸಾಕಾದ ಹಾಸನದ ಹುಡುಗಿ, “ಚಲೋ, ಆ ಕರುವಿಗೆ ನಿನ್ನ ಹೆಸರೇ ಇಟ್ಟಿರ್ತಾರೆ ಬಿಡು, ಇನ್ನಾದ್ರೂ ಮಲಗು,” ಅಂದಳು.

ಚಳಿ ಇಳಿಯುತ್ತಿದ್ದ ದಿನಗಳಲ್ಲಿ ಮತ್ತೆ ಅವರ ಮನೆಗೆ ಹೋದೆ. ಅತ್ತೆ ಅಂಗಳದ ಬಿಸಿಲಿನಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದರು. ತುಂಬಿದ ಬಸುರಿಯಾಗಿದ್ದ ಸೊಸೆ ಗೋಡೆಗೊರಗಿ ಗೋಧಿ ಹಸನು ಮಾಡುತ್ತಿದ್ದಳು. ಮೆಚ್ಚುಗೆಯ ಮಾತು ಬರುತ್ತದೆ ಎಂದು ನಾನು ಕಾದೆ, ಸುಳ್ಳೇಕೆ ಹೇಳಲಿ. ಅತ್ತೆ ಕರುವನ್ನೇ ನೋಡುತ್ತಿದ್ದರು.

“ಹಾಗಾದರೆ ಹಿಂದಿನವು ಹಣೆಬರಹದಿಂದ ಹೋದದ್ದಲ್ಲ,” ಅಂದರು.

ನಾನು ಏನೋ ಹೇಳಹೋದೆ.

“ಕಟ್ಟಿದವಳು ನಾನೇ. ಅವು ಕೂಗಿಕೊಳ್ಳೋದು ನನಗೆ ಕೇಳ್ತಿತ್ತು,” ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಮನುಷ್ಯರ ಮಕ್ಕಳಿಗೂ ಹಾಗೇನಾ, ಬೇಟಿ?”

ಸೊಸೆಯ ಮೊರದ ಸದ್ದು ನಿಂತಿತು. ಆ ಕಡೆ ಬಾಣಂತಿಯ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು. ಹಾಲು ಬಿಳಿಯಾಗುವವರೆಗೆ ಮಗುವಿಗೆ ಜೇನೋ ಬೆಲ್ಲದ ನೀರೋ ನೆಕ್ಕಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಅದು ಆರೋಗ್ಯ ಇಲಾಖೆಯವರ ಪಾಠ, ನನ್ನದು ಎಮ್ಮೆಯ ಪಾಠ ಎಂದು ನಾನು ಎಂದೂ ಆ ಮಾತು ಎತ್ತಿರಲಿಲ್ಲ.

“ನನ್ನ ಚೊಚ್ಚಲು ಹೆಣ್ಣು,” ಅವರು ಹೇಳತೊಡಗಿದರು. “ಹಾಲು ಎಷ್ಟಿತ್ತು ಅಂದರೆ ಕುಪ್ಪಸ ಎಲ್ಲ ತೋಯ್ದುಹೋಗ್ತಿತ್ತು. ಹಳದಿ ಹೋಗಲಿ, ತಡಿ ಅಂದಳು ನನ್ನ ಅತ್ತೆ. ತಡೆದೆ. ಮಗು ಅಳ್ತಾನೇ ಇತ್ತು. ಆಮೇಲೆ ಅಳು ನಿಂತಿತು. ಪಾಪ, ಸಮಾಧಾನ ಆಯಿತು ಅಂದರು ಎಲ್ಲರೂ. ನಾನೂ ಹಾಗೇ ಅಂದ್ಕೊಂಡೆ.”

ಇಲ್ಲ ಅಮ್ಮಾ, ಮನುಷ್ಯರ ವಿಷಯ ಬೇರೆ ಎಂದು ಹೇಳಬಹುದಿತ್ತು. ಡಾಕ್ಟರನ್ನು ಕೇಳಿ ಎಂದು ಜಾರಿಕೊಳ್ಳಬಹುದಿತ್ತು. ಇಷ್ಟು ವಯಸ್ಸಾದ ತಾಯಿಯ ಮುಂದೆ ಈಗ ನಿಜ ಹೇಳಿ ಯಾವ ಪುರುಷಾರ್ಥ ಅನ್ನಿಸಿತು. ಹೋದ ಮಗು ಬರುವುದಿಲ್ಲ, ಇರುವಷ್ಟು ದಿನ ಅವರ ಎದೆಯಲ್ಲಿ ಮುಳ್ಳು ಉಳಿಯುತ್ತದೆ. ಆದರೆ ಗೋಡೆಗೊರಗಿ ಕೂತಿದ್ದವಳ ಕೈ ಆಗಲೇ ಹೊಟ್ಟೆಯ ಮೇಲಿತ್ತು. ನಾನು ಅತ್ತೆಗೆ ಸುಳ್ಳು ಹೇಳಿದರೆ ಅದನ್ನು ಅವಳೂ ಕೇಳುತ್ತಾಳೆ, ಅವಳ ಮಗು ಅದರ ಫಲ ಉಣ್ಣುತ್ತದೆ.

“ಹೌದು ಅಮ್ಮಾ,” ಎಂದೆ. “ಮೊದಲ ಹಾಲು ಮಗುವಿಗೇ ಸೇರಬೇಕು. ಹುಟ್ಟಿದ ಕೂಡಲೇ ಎದೆಗೆ ಹಾಕಬೇಕು. ನಿಮ್ಮ ಮಗಳು ಯಾಕೆ ಹೋದಳು ಅಂತ ಮಾತ್ರ ನನಗೆ ಗೊತ್ತಿಲ್ಲ. ಈಗ ಅದು ಯಾರಿಗೂ ಗೊತ್ತಾಗೋದಿಲ್ಲ.”

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

“ಇದನ್ನ ಹೇಳೋಕೆ ಎಷ್ಟು ತಡವಾಗಿ ಬಂದೆ ಬೇಟಿ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಆ ಮಗುವನ್ನು ಹೆತ್ತಾಗ ನಾನು ಹುಟ್ಟಿರಲೇ ಇಲ್ಲ. ಆದರೂ ಆ ಮಾತಿಗೆ ತಲೆಯೆತ್ತಿ ನಿಲ್ಲಲು ನನ್ನಿಂದಾಗಲಿಲ್ಲ. ಮುಂದೆ ಎಷ್ಟೋ ಊರುಗಳಲ್ಲಿ ಎಷ್ಟೋ ತರಬೇತಿ ಮಾಡಿದೆ. ಹೊಸದೊಂದನ್ನು ಹೇಳಿಕೊಡುವಾಗ ಕೇಳುವವರಲ್ಲಿ ವಯಸ್ಸಾದವರ ಮುಖ ನೋಡಲು ಇವತ್ತಿಗೂ ಹಿಂಜರಿಯುತ್ತೇನೆ.

ಅತ್ತೆ ಮಂಚದಿಂದ ಎದ್ದರು. ಸೊಸೆಯ ಹತ್ತಿರ ಹೋಗಿ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಅವಳ ಎದುರು ನೆಲಕ್ಕೆ ಕೂತರು. ಆ ಮನೆಯಲ್ಲಿ ಅತ್ತೆ ಸೊಸೆಯ ಸಮಕ್ಕೆ ನೆಲದ ಮೇಲೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸೊಸೆ ಗಾಬರಿಯಾಗಿ ಏಳಹೋದಳು. ಅವರು ಅವಳ ಭುಜ ಹಿಡಿದು ಕೂರಿಸಿದರು.

“ಕೇಳಿಸ್ಕೊಂಡೆಯಾ ಬಹೂ?” ಅಂದರು. “ನನಗೆ ವಯಸ್ಸಾಯಿತು, ನಿನ್ನ ಹೆರಿಗೆ ಹೊತ್ತಿಗೆ ಭಯಕ್ಕೆ ಹಳೇದೇ ಬಾಯಿಗೆ ಬರುತ್ತೆ. ನಾನೇ ಬಾಗಿಲಲ್ಲಿ ನಿಂತು ತಡಿ ಅಂದರೂ ನನ್ನ ಮಾತು ಕೇಳಬೇಡ.”