ಕುಡಿತ ಬಿಡಲು ಹೋಗಿ ಹಾಡಿ ಬಂದದ್ದು

ನಮ್ಮ ಮನೆಯವರು ಕುಡಿತ ಬಿಡುವವರ ಗುಂಪಿಗೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅಲ್ಲಿ ಕನ್ನಡದವರು ಒಬ್ಬರೂ ಇರಬಾರದು. ಅವರು ಕುಡಿದು ಬಯ್ಯುವವರಲ್ಲ, ಕೈಯೆತ್ತುವವರಲ್ಲ. ಶಿಫ್ಟ್ ಮುಗಿಸಿ ಬಂದು, ಸೋಫಾದಲ್ಲಿ ಗ್ಲಾಸು ಹಿಡಿದು ಕೂತು, ನಮ್ಮ ನಡುವೆಯೇ ಮೆಲ್ಲಗೆ ಇಲ್ಲವಾಗುವವರು. ಆ ಬೇಸಿಗೆಯಲ್ಲಿ ಮಗಳ ಗ್ರಾಜುಯೇಷನ್ನಿನಲ್ಲಿ ನಿದ್ದೆ ಹೋದರು. ಅವಳು ವೇದಿಕೆ ಹತ್ತಿ ಇಳಿದದ್ದೇ ಅವರಿಗೆ ತಿಳಿಯಲಿಲ್ಲ. ಮರುದಿನ ತಾವೇ ಅಡಿಗೆಮನೆ ಬಾಗಿಲಲ್ಲಿ ಬಂದು ನಿಂತು, "ಎಲ್ಲೆರೆ ಹೋಗೂಣು, ನೀನೂ ಬಾ" ಅಂದರು.

ಮಗಳು ಫೋನಿನಲ್ಲಿ ಹುಡುಕಿದಳು. ಈ ಪರದೇಶದಲ್ಲಿ ನಾವಿರುವ ಥಾರ್ನ್‌ಕ್ಲಿಫ್ ಪಾರ್ಕಿನ ಬಿಲ್ಡಿಂಗಿನಿಂದ ನಡೆದುಹೋಗುವಷ್ಟು ಹತ್ತಿರ ಒಂದಿತ್ತು.

"ಬ್ಯಾಡ. ಲಿಫ್ಟಿನ್ಯಾಗ ಸಿಗೂ ಮಂದಿನ ಅಲ್ಲೂ ಸಿಗ್ತಾರ."

ಇನ್ನೊಂದರ ಎದುರಿಗೇ ಇಂಡಿಯನ್ ಗ್ರೋಸರಿ, ಅದೂ ಬೇಡ. ಕೊನೆಗೆ, ಊರಿನ ಆಚೆ ತುದಿ ಸ್ಟ್ರೀಟ್ಸ್‌ವಿಲ್ಲಿನ ಒಂದು ಹಳೇ ಚರ್ಚು ಪಾಸಾಯಿತು.

"ಅಲ್ಲಿ ನಮ್ಮವರ ನೆಳ್ಳೂ ಬೀಳಂಗಿಲ್ಲ" ಎಂದರು, ಯುದ್ಧ ಗೆದ್ದವರ ಹಾಗೆ. ಕುಟುಂಬದವರನ್ನೂ ಕರೆತರಬಹುದಾದ ಸಂಜೆ ನೋಡಿಕೊಂಡು ಹೊರಟೆವು.

ಚರ್ಚಿನ ಬೇಸ್‌ಮೆಂಟಿಗೆ ಇಳಿದರೆ ಎದುರುಬದುರು ಎರಡು ಬಾಗಿಲು. ಒಂದರೊಳಗೆ ಕುರ್ಚಿಗಳು ಕಂಡವು, ನುಗ್ಗಿದೆವು. ಬಿಳಿಗೂದಲಿನ ಮಹಿಳೆಯೊಬ್ಬರು "ಓ, ಹೊಸಬರು!" ಎಂದು ಸಂಭ್ರಮದಿಂದ ಕೂರಿಸಿ, ಕೈಗೆ ಒಂದೊಂದು ಹಾಳೆ ಕೊಟ್ಟರು. ಪಿಯಾನೋ ಶುರುವಾಯಿತು. ಎಲ್ಲರೂ ಎದ್ದು "ಆ… ಆ…" ಎಂದು ದನಿ ಎಳೆದರು.

ಇವರು ನನ್ನ ಕಿವಿಯಲ್ಲಿ, "ಉಸಿರಿಂದು ಏನೋ ಟ್ರೀಟ್‌ಮೆಂಟ್ ಇರಬೇಕು, ನೀನೂ ಅನ್ನು" ಅಂದರು.

ನಾನೂ ಅಂದೆ. ಅವರಂತೂ ಹೊಟ್ಟೆಯೊಳಗಿಂದ ದನಿ ತೆಗೆದರು. ಹುಬ್ಬಳ್ಳಿಯ ಓಣಿಯ ಭಜನೆಯಲ್ಲಿ ಪಳಗಿದ ಗಂಟಲು, ಅಕ್ಕಪಕ್ಕದವರು ತಿರುಗಿ ನೋಡಿದರು. ಹಾಡು ನಿಂತಾಗ ಆ ಮಹಿಳೆ, "ನಿಮ್ಮ ಬಗ್ಗೆ ಏನಾದರೂ ಹೇಳಿ" ಎಂದರು. ಇವರು ಎದ್ದು, ಕೈಕಟ್ಟಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷಿನಲ್ಲಿ, "ನಾನು ಕುಡಿಯುತ್ತೇನೆ. ಬಿಡಬೇಕೆಂದು ಬಂದಿದ್ದೇನೆ" ಅಂದುಬಿಟ್ಟರು.

ಆ ಮಹಿಳೆ ಹತ್ತಿರ ಬಂದು ಅವರ ತೋಳು ಮುಟ್ಟಿ, "ಅದು ಎದುರಿನ ಕೋಣೆ. ಇದು ಚರ್ಚಿನ ಹಾಡಿನ ತಂಡ. ಆದರೆ ಎಂಥ ದನಿ ನಿಮ್ಮದು! ಅಲ್ಲಿ ಬಿಟ್ಟಾದ ಮೇಲೆ ಇಲ್ಲಿಗೂ ಬನ್ನಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದದ್ದೇ ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ, ಮರ್ಯಾದಿ ಹೋತು" ಎನ್ನುತ್ತಲೇ ಅವರೂ ಶುರುಮಾಡಿದರು. ಗೋಡೆಗೆ ಆತು ಕಣ್ಣೊರೆಸಿಕೊಂಡು ನಕ್ಕೆವು. ಅವರ ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ.

ಆಗ ಎದುರಿನ ಬಾಗಿಲು ತೆರೆಯಿತು. "ಯಾರದು, ಇಷ್ಟು ಜೋರಾಗಿ ಕನ್ನಡದಲ್ಲಿ ನಗ್ತಿರೋದು?"

ನಿಂತಿದ್ದವರು ಮೈಸೂರು ಕಡೆಯ ಹಿರಿಯ ಡಾಕ್ಟರು. ನಾವೆಲ್ಲ ಹುಟ್ಟುವ ಹೊತ್ತಿಗೇ ಈ ದೇಶಕ್ಕೆ ಬಂದು, ಈಗ ರಿಟೈರಾದವರು. ನಮ್ಮವರ ಯಾವ ಸಮಾರಂಭವಿದ್ದರೂ ದೀಪ ಹಚ್ಚುವವರು ಅವರೇ, ಮುಂದಿನ ಸಾಲಿನಲ್ಲಿ ರೇಷ್ಮೆ ಶಲ್ಯ ಹೊದ್ದು ಕೂರುವವರೂ ಅವರೇ. ಈಗ ಕೈಯಲ್ಲಿ ಕಾಫಿಯ ಜಗ್ಗು.

ಇವರು ಕೈಲಿದ್ದ ಹಾಡಿನ ಹಾಳೆ ಎತ್ತಿ ತೋರಿಸಿದರು. "ನಾವು… ಹಾಡ್ಲಿಕ್ಕೆ ಬಂದಿದ್ವಿ, ಸರ್."

"ನಾನೂ ಮೊದಲನೇ ದಿನ ಏನೇನೋ ಹೇಳಿದ್ದೆ" ಅಂದರು ಡಾಕ್ಟರು. "ಕನ್ನಡದವರು ಯಾರೂ ಬರಲ್ಲ ಅಂತಲೇ ಇಷ್ಟು ದೂರದ ಜಾಗ ಹುಡುಕಿದ್ದೆ. ಬನ್ನಿ. ಕಾಫಿ ಕೆಟ್ಟದಾಗಿದೆ, ಆದರೆ ಬಿಸಿಯಾಗಿದೆ."

ಆ ಕೋಣೆಯಲ್ಲಿ ಇವರ ಸರದಿ ಬಂದಾಗ ಬಾಯಿಪಾಠದ ಇಂಗ್ಲಿಷು ಕೈಕೊಟ್ಟಿತು. ಅರ್ಧಕ್ಕೇ ನಿಲ್ಲಿಸಿ, ಮಗಳು ವೇದಿಕೆ ಹತ್ತಿದ್ದನ್ನು ತಾವು ನೋಡಲಿಲ್ಲವೆಂಬ ಸಂಗತಿಯನ್ನು ಹುಬ್ಬಳ್ಳಿಯ ಮಾತಿನಲ್ಲೇ ಹೇಳಿಕೊಂಡರು. ಯಾರೂ ಅರ್ಥ ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಲಾರಿ ಡ್ರೈವರು ಟಿಶ್ಯೂ ಡಬ್ಬಿ ಸರಿಸಿದ. ಡಾಕ್ಟರು ಮಾತ್ರ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದರು.

ಮನೆಗೆ ಹೋಗುವ ಬದಲು ಕಾರನ್ನು ಪೋರ್ಟ್ ಕ್ರೆಡಿಟ್ಟಿಗೆ ತಿರುಗಿಸಿದೆ. ಇನ್ನೂ ಬೆಳಕಿತ್ತು. ಸರೋವರದ ದಂಡೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತ ನಡೆದೆವು. ಅವರು ಮಾತಾಡಿದರು, ಮಾತಾಡಿದರು, ಐಸ್‌ಕ್ರೀಮ್ ಮೊಣಕೈವರೆಗೆ ಇಳಿದರೂ ಮಾತಾಡಿದರು.

ಆ ಚಳಿಗಾಲದಲ್ಲಿ ಒಮ್ಮೆ ಮತ್ತೆ ಬಾಟಲಿ ಹಿಡಿದರು. ನಾನು ಅಳುವ ಮೊದಲೇ ತಾವೇ ಡಾಕ್ಟರಿಗೆ ಫೋನ್ ಮಾಡಿದರು. ಅವರು ಹಿಮದಲ್ಲೇ ಕಾರು ಓಡಿಸಿಕೊಂಡು ಬಂದು, ಒಂದೂ ಬುದ್ಧಿಮಾತು ಹೇಳದೆ, ನಮ್ಮನೆಯ ಜೋಳದ ರೊಟ್ಟಿ ತಿಂದು, ಇವರನ್ನು ಜತೆಗೆ ಗುಂಪಿಗೆ ಕರೆದುಕೊಂಡು ಹೋದರು. ಅಲ್ಲಿಂದೀಚೆಗೆ ಬಿಟ್ಟದ್ದು ಬಿಟ್ಟೇ ಇದೆ.

ಯುಗಾದಿಯ ಊಟದ ದಿನ ಕನ್ನಡ ಸಂಘದ ಕಮಿಟಿಯವರೊಬ್ಬರು ಡಾಕ್ಟರನ್ನೂ ಇವರನ್ನೂ ಎದುರುಬದುರು ನಿಲ್ಲಿಸಿ ಪರಿಚಯ ಮಾಡಿಸಿದರು.

"ಓಹೋ, ಹುಬ್ಬಳ್ಳಿಯವರಾ? ಬಹಳ ಸಂತೋಷ. ಈ ದೇಶಕ್ಕೆ ಬಂದು ಎಷ್ಟು ವರ್ಷವಾಯ್ತು?" ಎಂದರು ಡಾಕ್ಟರು, ಗಂಭೀರವಾಗಿ.

"ಭಾಳ ವರ್ಷ ಆತ್ರೀ ಸರ್. ನಿಮ್ಮನ್ನ ದೂರದಿಂದ ನೋಡಿದ್ದೆ ಅಷ್ಟ" ಎಂದು ಇವರು ಕೈಮುಗಿದರು.

ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ಭುಜ ಕುಲುಕುವುದು ನಿಲ್ಲಲಿಲ್ಲ.

"ಯಾಕ್ರೀ, ಏನಾಯ್ತು?" ಅಂದರು ಪಕ್ಕದವರು.

"ಏನಿಲ್ರೀ," ಅಂದೆ, "ಹೋಳಿಗಿ ಭಾಳ ಛಲೋ ಆಗ್ಯಾವ."