ದೇವಿಯ ಕೆನ್ನೆಯ ಗೀರು

ರೋಮ್ ಪೇಟೆಯಲ್ಲಿ ಬೆಳ್ಳಿ ನಾಣ್ಯ ಪರೀಕ್ಷಿಸುತ್ತಿದ್ದ ಪಕ್ವಿಯಸನಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೇಲೆ ಬೆಳ್ಳಿ, ಒಳಗೆ ತಾಮ್ರದ ಕಳ್ಳನಾಣ್ಯ ಊರೆಲ್ಲ ತುಂಬಿದ್ದ ಕಾಲ ಅದು. ಇವನು ನಾಣ್ಯವನ್ನು ಮೂಸುವನು, ಕಲ್ಲಿನ ಮೇಲೆ ಕುಣಿಸುವನು, ಆಮೇಲೂ ನಂಬದೆ ಉಳಿಯಿಟ್ಟು ಗೀರು ಹಾಕುವನು. ಮೇಲಿರುವ ಮುಖ ಜೂಪಿಟರನದಾಗಲಿ, ಜೂನೋ ದೇವಿಯದಾಗಲಿ, ಬಿಡುತ್ತಿರಲಿಲ್ಲ.

ಮಗಳಿಗೆ ಹೆರಿಗೆ ನೋವು ಶುರುವಾದ ದಿನ, ಪಕ್ಕದಲ್ಲಿ ಮೀನು ಕರಿಯುವ ಒಫಿಲ್ಲಿಯಾ ಸುಮ್ಮನಿರಬಾರದೇ? ಎಲುಬಿಲ್ಲದ ನಾಲಿಗೆ!

"ಅಲ್ಲಯ್ಯಾ, ಹೆರಿಗೆ ಮಾಡಿಸೋಳೇ ಜೂನೋ ತಾಯಿ. ನೀನೋ ದಿನಾ ಅವಳ ಕೆನ್ನೆ ಕೊಯ್ತೀಯ. ಇವತ್ತು ಯಾವ ಮುಖ ಇಟ್ಕೊಂಡು ಬೇಡ್ಕೋತೀಯ?"

ತಮಾಷೆಯ ಮಾತೇ. ಆದರೂ ಪಕ್ವಿಯಸ್ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಇದ್ದವಳು ಒಬ್ಬಳೇ ಮಗಳು. ಅವಳ ಹಿಂದಿನ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಕಾಣಿಕೆಗೆಂದು ಪೆಟ್ಟಿಗೆಯನ್ನೆಲ್ಲ ಕೆದಕಿ, ಗೀರಿಲ್ಲದ ಜೂನೋ ನಾಣ್ಯವೊಂದನ್ನು ಹುಡುಕಿ ತೆಗೆದ. ಹೊಳೆಹೊಳೆಯುತ್ತಿತ್ತು. ಆದರೆ ಗೀರಿಲ್ಲದ್ದನ್ನು ಬೆಳ್ಳಿಯೆಂದು ನಂಬುವುದು ಹೇಗೆ? ಕೊಯ್ದರೆ ದೇವಿಗೆ ನೋವು, ಕೊಯ್ಯದಿದ್ದರೆ ದೇವಿಗೇ ಮೋಸವಾದೀತು.

"ಇನ್ನೂ ನಿಂತಿದೀರಾ? ಹೋಗ್ರೀ!" ಎಂದು ಅಂಗಡಿಯ ಹಿಂದಿನ ಮನೆಯೊಳಗಿಂದ ಹೆಂಡತಿ ಹೆಲ್ವಿಯಾ ಗದರಿದಳು. ಗೀರು ಹಾಕದೆ ಹಾಗೇ ಗುಡಿಗೆ ಓಡಿದ.

ಹೆರಿಗೆಯ ದೇವಿಯ ಗುಡಿಗೆ ಬಟ್ಟೆಗೆ ಗಂಟು ಹಾಕಿಕೊಂಡು ಹೋಗುವಂತಿಲ್ಲ. ಹೊರಗೆ ಗಂಟಿದ್ದರೆ ಒಳಗಿನ ಮಗುವೂ ಸಿಕ್ಕಿಕೊಳ್ಳುತ್ತದಂತೆ. ಸೊಂಟದ ಪಟ್ಟಿ ಬಿಚ್ಚಿ, ಕಾಲಿಗೆ ತೊಡರುವ ಅಂಗಿಯನ್ನು ಎತ್ತಿ ಹಿಡಿದು, ಬೇಡಿಕೊಂಡು ನಾಣ್ಯ ಚಾಚಿದ. ಗುಡಿಯ ಮುದುಕಿ ಅದನ್ನು ತಿರುಗಿಸಿ ನೋಡಿ ಅವನ ಕೈಗೇ ವಾಪಸು ಹಾಕಿದಳು.

"ಗೀರೇ ಇಲ್ವಲ್ಲಪ್ಪಾ! ಅಮ್ಮನಿಗೇ ಟೋಪಿ ಹಾಕೋ ಜನ ಜಾಸ್ತಿಯಾಗಿದಾರೆ. ಪೇಟೇಲಿ ಪಕ್ವಿಯಸ್ ಅಂತ ಒಬ್ಬ ಸಿಡುಕ ಇದಾನೆ. ಅವನ ಗೀರು ಬಿದ್ದಿದ್ರೆ ಅಮ್ಮ ಕಣ್ಮುಚ್ಕೊಂಡು ತಗೋತಾಳೆ. ಹಾಕಿಸ್ಕೊಂಡು ಬಾ, ಹೋಗು."

ಪಕ್ವಿಯಸ್ ಮೆಟ್ಟಿಲ ಮೇಲೆ ಕುಸಿದು ಕೂತ. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು.

"ನಾನೇ ಕಣಮ್ಮಾ ಆ ಸಿಡುಕ."

"ಅಯ್ಯೋ, ನೀನೇನಾ? ಮತ್ತೆ ಕೂತಿದ್ದೀಯಲ್ಲೋ, ಹಾಕೋ ಬೇಗ!" ಎಂದು ಮುದುಕಿ ಚಾಕು ಕೊಟ್ಟಳು.

ದೇವಿಯ ಎದುರಿಗೇ ದೇವಿಯ ಕೆನ್ನೆ ಕೊಯ್ದ. ಒಳಗೂ ಬೆಳ್ಳಿ.

ಮನೆಯ ಹೊಸ್ತಿಲಲ್ಲೇ ಗಟ್ಟಿಯಾದ ಅಳು ಕೇಳಿಸಿತು. ಹೆಲ್ವಿಯಾ ಮೊಮ್ಮಗಳನ್ನು ಅವನ ತೋಳಿಗೆ ಹಾಕಿದಳು. ಅವನು ಮಗುವನ್ನು ನೋಡದೆ ಮೊದಲು ಮಗಳ ಕಡೆ ನೋಡಿದ. ಅವಳು ಮೆಲ್ಲಗೆ ಕಣ್ಣು ಬಿಟ್ಟು, "ಅಪ್ಪಾ, ಹೊಟ್ಟೆ ಹಸೀತಿದೆ," ಎಂದಳು.